ಮೂಲೆ ಹರಿದ ಕಾರ್ಡು

ನಮ್ಮ ಮನೆಗೆ ಅಂಗಳ ಇರಲಿಲ್ಲ, ಅಂಗಳಕ್ಕೇ ಒಂದು ಮನೆ ಇತ್ತು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಊರು ಮುಗಿಯಿತು ಅನ್ನುವಷ್ಟರಲ್ಲಿ ಒಂದು ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಕುದಿಸಿದ ಭತ್ತ ಒಣಗಿಸುವ ಸಿಮೆಂಟಿನ ಕಣ, ಆ ಕಣದ ಅಂಚಿಗೆ ತಗಡು ಹೊದಿಸಿದ ಎರಡು ಖೋಲಿ. ಅಪ್ಪ ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕಿ ಉರಿ ನೋಡಿಕೊಳ್ಳುವವನು. ಕರೆದಾಗ ಕೈಗೆ ಸಿಗಬೇಕು ಅಂತ ಸಾವ್ಕಾರರು ಅವನಿಗೆ ಆ ಖೋಲಿ ಕೊಟ್ಟಿದ್ದರು. ಅವ್ವ ಕಣದ ಮೇಲೆ ಭತ್ತ ಹರವುವ ಹೆಂಗಸರ ಗುಂಪಿನಲ್ಲಿದ್ದಳು. ಹಬೆಯಾಡುವ ಭತ್ತವನ್ನು ತೆಳ್ಳಗೆ ಹರವಿ, ತಾಸಿಗೊಮ್ಮೆ ಕಾಲಿನಿಂದ ತಿರುವಬೇಕು. ಪಾದ ಮೇಲೆತ್ತುವಂತಿಲ್ಲ, ಒಂದು ಕಾಲಿಗೆ ಇನ್ನೊಂದು ಅಡ್ಡ ಬರುವಂತಿಲ್ಲ. ಮೊಣಕಾಲು ತುಸು ಬಗ್ಗಿಸಿ ಅಡ್ಡಡ್ಡ ಜಾರುತ್ತಾ ಹೋದರೆ ಹಿಂದೆ ನೆಟ್ಟಗೆ ಸಾಲು ಬೀಳುತ್ತದೆ. ಸಾಲು ಸೊಟ್ಟಾದರೆ ಅವ್ವನ ಬೈಗುಳ. ಶಾಲೆ ಬಿಟ್ಟ ಮೇಲೆ ನಾನೂ ಕಣಕ್ಕೆ ಇಳಿಯುತ್ತಿದ್ದೆ. ಮುಂದೆ ಹದಿನಾಲ್ಕು ವರ್ಷ ಸಂಬಳ ತಗೊಂಡು ಬ್ಯಾಸ್ಕೆಟ್‌ಬಾಲ್ ಆಡಿದೆ. ಎದುರಿನವರನ್ನು ದಾಟಗೊಡದ ನನ್ನ ಕಾಲುಗಳ ಬಗ್ಗೆ ಪತ್ರಿಕೆಯವರು ಬರೆದರು. ಯಾವ ಅಕಾಡೆಮಿಯಲ್ಲಿ ಕಲಿತಿರಿ ಅಂತ ಕೇಳಿದವರಿಗೆ ಭತ್ತ ಒಣಗಿಸುವ ಕಣದಲ್ಲಿ ಅಂದರೆ ನಕ್ಕುಬಿಡುತ್ತಿದ್ದರು. ನಾನೇನೂ ತಮಾಷೆ ಮಾಡುತ್ತಿರಲಿಲ್ಲ.

ಎರಡು ಖೋಲಿಯಲ್ಲಿ ಮುಂದಿನದು ಅಡುಗೆಗೆ, ಹಿಂದಿನದು ಮಲಗುವುದಕ್ಕೆ. ಎಷ್ಟು ಗುಡಿಸಿದರೂ ಹೊಟ್ಟಿನ ಕರಿ ಬೂದಿ ತಗಡಿನ ಸಂದಿಯಿಂದ ಇಳಿದು ಪಾತ್ರೆ, ಪುಸ್ತಕ, ತಲೆಗೂದಲು ಎಲ್ಲದರ ಮೇಲೂ ಕೂರುತ್ತಿತ್ತು. ಗೂಡಿನಲ್ಲಿ ಬುದ್ಧನ ಫೋಟೊ ಇತ್ತು. ಹುಣ್ಣಿಮೆಯ ಸಂಜೆ ಅಪ್ಪ ಕೈಕಾಲು ತೊಳೆದು ಬಂದು ಅದರ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದ, ನಾವೆಲ್ಲ ಸಾಲಾಗಿ ಕೂತು ಮೂರು ಸಲ ಶರಣು ಹೇಳುತ್ತಿದ್ದೆವು. ಆ ಒಂದು ಸಂಜೆ ಬಿಟ್ಟರೆ ನಮ್ಮ ಮನೆಯಲ್ಲಿ ಶಾಂತಿ ಅನ್ನುವುದು ಇರಲಿಲ್ಲ. ಅವ್ವ ಕಾಲುವೆ ನೀರಿನ ತುರ್ವಿಹಾಳದವಳು, ಅನ್ನ ಉಂಡು ಬೆಳೆದವಳು. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದ ಮುದುಕಿ, ಪಾಮನಕಲ್ಲೂರಿನ ಒಣ ಭೂಮಿಯವಳು. ಜೋಳದ ರೊಟ್ಟಿ ಬಿಟ್ಟರೆ ಬೇರೆ ಯಾವುದನ್ನೂ ಅವಳು ಊಟ ಅಂತಲೇ ಎಣಿಸುತ್ತಿರಲಿಲ್ಲ. ಅಕ್ಕಿ ಮಿಲ್ಲಿನ ಹೊಟ್ಟೆಯಲ್ಲಿ ಕೂತು ದಿನಾ ಎರಡು ಹೊತ್ತು ಅತ್ತೆ ಸೊಸೆ ರೊಟ್ಟಿಗೂ ಅನ್ನಕ್ಕೂ ಜಗಳ ಆಡುತ್ತಿದ್ದರು.

"ಅನ್ನ ಉಂಡ್ರ ಮಂದಿ ಉದ್ದಾಗತಾರ ನೋಡ್ರಿ ಅತ್ತಿ, ನಿಮ್ಮ ಮೊಮ್ಮಗಳ್ನ ನೋಡ್ರಿ," ಅಂತ ಅವ್ವ.

"ಉದ್ದ ಆಗಿದ್ದು ಕಾಣತೈತಿ, ಗಟ್ಟಿ ಆಗಿದ್ದು ಕಾಣವಲ್ದು," ಅಂತ ಆಯಿ.

ಹದಿಮೂರಕ್ಕೇ ನಾನು ಅಪ್ಪನನ್ನು ಮೀರಿದ್ದೆ. ಅದು ಅನ್ನದ್ದೋ ರೊಟ್ಟಿಯದ್ದೋ ತೀರ್ಮಾನ ಆಗಲೇ ಇಲ್ಲ. ಮನೆಯಲ್ಲಿ ಇನ್ನೊಬ್ಬ ಇರಬೇಕಿತ್ತು, ಅಪ್ಪನ ತಮ್ಮ ಹುಲಗಪ್ಪ ಕಾಕಾ. ಅವನು ಬೋರ್‌ವೆಲ್ ಲಾರಿಯ ಜತೆ ರಾಜಸ್ಥಾನದ ಕಡೆ ಹೋಗಿ ಎಂಟು ತಿಂಗಳಾಗಿತ್ತು, ಒಂದು ಸಾಲು ಕಾಗದ ಬರೆದಿರಲಿಲ್ಲ. ಆಯಿ ಅವನ ಹೆಸರಿನಲ್ಲಿ ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿದು, ಸಂಜೆ ತಾನೇ ಅದನ್ನು ಮುರಿದು ನನಗೆ ಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ನಮ್ಮ ಶಾಲೆಯ ಪಿ.ಟಿ. ಮಾಸ್ತರು ನನ್ನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದರು. ಕ್ರೀಡಾ ಹಾಸ್ಟೆಲ್ಲಿಗೆ ಹುಡುಗಿಯರನ್ನು ಆರಿಸುವುದು ಅಲ್ಲಿನ ಕಾಲೇಜು ಮೈದಾನದಲ್ಲಿತ್ತು. ಆಯ್ಕೆಯಾದರೆ ಊಟ, ವಸತಿ, ಶಾಲೆ ಎಲ್ಲ ಅವರದೇ, ದಿನಾ ಎರಡು ಹೊತ್ತು ಆಟ. ಆಗದಿದ್ದರೆ ಕಣ. ನನಗೆ ಲೋಕದಲ್ಲಿ ಇದ್ದದ್ದು ಇವೆರಡೇ. ಚೆಂಡು ಬುಟ್ಟಿಗೆ ಹಾಕುವುದರಲ್ಲಿ ನಾನು ಅಂಥ ಜಾಣೆಯೇನಲ್ಲ, ನನಗಿಂತ ಚೆನ್ನಾಗಿ ಹಾಕುವವರು ಹತ್ತು ಜನ ಇದ್ದರು. ಆದರೆ ತಡೆಯುವ ಪರೀಕ್ಷೆ ಬಂದಾಗ ಒಬ್ಬ ಹುಡುಗಿಯೂ ನನ್ನನ್ನು ದಾಟಲಿಲ್ಲ. ಆರಿಸಲು ಬಂದಿದ್ದ ಕೋಚ್ ಸೀಟಿ ಬಾಯಲ್ಲೇ ಬಿಟ್ಟು ನನ್ನ ಪಾದ ನೋಡುತ್ತಾ ನಿಂತುಬಿಟ್ಟರು.

"ಇದನ್ನ ಯಾರು ಕಲಿಸಿದರು?"

"ನೆಲ್ಲು ತಿರುವಿ ಕಲತೀನ್ರಿ."

ಅವರಿಗೆ ಅರ್ಥ ಆಗಲಿಲ್ಲ. ಮಾಸ್ತರು ವಿವರಿಸಿದ ಮೇಲೆ ಇನ್ನೊಮ್ಮೆ ಜಾರಿ ತೋರಿಸು ಅಂದರು, ತೋರಿಸಿದೆ. ಹದಿನೈದು ದಿನದಲ್ಲಿ ಕಾರ್ಡು ಬರುತ್ತದೆ, ಬಂದರೆ ಸೀಟು, ಬರದಿದ್ದರೆ ಇಲ್ಲ ಅಂದರು. ವಾಪಸು ಬರುವ ಬಸ್ಸಿನಲ್ಲಿ ಮಸ್ಕಿ ದಾಟುವವರೆಗೂ ನಾನು ಮಾಸ್ತರಿಗೆ ಬಂದರೆ ಏನು, ಬರದಿದ್ದರೆ ಏನು ಅಂತ ಕೇಳಿ ಕೇಳಿ ತಲೆ ತಿಂದೆ.

ಫಾರ್ಮಿನಲ್ಲಿ ಮಾಸ್ತರು ಮಿಲ್ಲಿನ ವಿಳಾಸ ಬರೆದಿದ್ದರು. ನಾನು ಅದನ್ನು ನೋಡಲೇ ಇಲ್ಲ. ಆಟದ ವಿಷಯ ಅಲ್ಲವೇ, ಶಾಲೆಗೇ ಬರುತ್ತದೆ ಅಂದುಕೊಂಡೆ. ರಜೆಯಲ್ಲಿ ದಿನಾ ಬಿಸಿಲಲ್ಲಿ ಶಾಲೆಗೆ ನಡೆದು ಜವಾನನನ್ನು ಕೇಳಿ ಬರುತ್ತಿದ್ದೆ. ಹದಿನೈದು ದಿನ ಆಯಿತು, ಇಪ್ಪತ್ತು ಆಯಿತು. ಕಡೆಗೆ ಶಾಲೆ ಶುರುವಾಗಿ ಊರಿನಿಂದ ಬಂದ ಮಾಸ್ತರು, ಆರಿಸಿದವರು ಈಗಾಗಲೇ ಹೋಗಿ ಸೇರಿರುತ್ತಾರೆ ಸುಜಾತಾ, ಮುಂದಿನ ವರ್ಷ ನೋಡೋಣ ಅಂದರು. ಅವತ್ತು ಬಾಯ್ಲರಿನ ಹಿಂದೆ ಹೊಟ್ಟಿನ ರಾಶಿಯ ಮೇಲೆ ಕೂತು ಅತ್ತೆ. ಅದೇ ದಿನಗಳಲ್ಲಿ ಮನೆಯಲ್ಲಿ ಬೇರೆ ಏನೋ ನಡೆಯುತ್ತಿತ್ತು, ನನ್ನ ಅಳುವಿನಲ್ಲಿ ನಾನು ಅದನ್ನು ಅರ್ಧ ಮಾತ್ರ ಕಂಡೆ. ಆಯಿ ರೊಟ್ಟಿ ಬಿಟ್ಟಿದ್ದಳು. ಜನ್ಮದಲ್ಲಿ ಅಕ್ಕಿಯನ್ನು ಹೊಗಳದವಳು ಮೂಲೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದಳು. ಕಾಕಾನ ಹೆಸರಿನ ಹೆಚ್ಚಿಗೆ ರೊಟ್ಟಿಯೂ ನಿಂತಿತ್ತು. ಹುಣ್ಣಿಮೆ ಅಲ್ಲದ ದಿನವೂ ಗೂಡಿನಲ್ಲಿ ಮೇಣದ ಬತ್ತಿ ಉರಿಯುತ್ತಿತ್ತು. ಕೌದಿಯನ್ನಂತೂ ಹಗಲು ಹೊತ್ತಿನಲ್ಲೂ ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಅದು ಹಳೇ ಸೀರೆ, ಅಂಗಿ ಚೂರುಗಳನ್ನು ಕೂಡಿಸಿ ಅವಳೇ ಹೊಲಿದದ್ದು, ನಾನೂ ಅವಳೂ ಅದನ್ನೇ ಹಾಸಿ ಹೊದ್ದು ಮಲಗುತ್ತಿದ್ದೆವು. ಏನಾಗೈತ್ರಿ ಅತ್ತಿ ಅಂತ ಅವ್ವ ಕೇಳಿದರೆ ಕೌದಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ರೊಟ್ಟಿಯ ಜಗಳಕ್ಕೆ ಎದುರಾಳಿ ಇಲ್ಲದೆ ಅವ್ವನೂ ಸಪ್ಪಗಾದಳು. ವಯಸ್ಸಾಯಿತು, ತಲೆ ನಿಲ್ಲುತ್ತಿಲ್ಲ ಅಂತ ಅಪ್ಪ ಅಂದುಕೊಂಡ.

ಕಾರಹುಣ್ಣಿಮೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುವುದು ಅವ್ವನ ಪದ್ಧತಿ. ಬಾಯ್ಲರಿನ ಬಿಸಿ ನೀರು ಬೇಕಾದಷ್ಟು ಸಿಗುತ್ತಿತ್ತು. ಎಲ್ಲ ಒಗೆದು ಕಣದ ಮೇಲೆ ಹರವಿ ಕೊನೆಗೆ ಆಯಿಯ ಕೌದಿಗೆ ಕೈ ಹಾಕಿದಳು.

"ಕೊಡ್ರಿ ಅತ್ತಿ, ನಾರಾಕತ್ತೈತಿ."

"ಇದೊಂದು ಬಿಡು."

"ಹುಡುಗಿನೂ ಅದರಾಗಽ ಮಲಗತೈತ್ರಿ. ಕೊಡ್ರಿ."

ಅವ್ವ ಒಂದು ತುದಿ ಎಳೆದಳು, ಆಯಿ ಇನ್ನೊಂದು ತುದಿ ಹಿಡಿದುಕೊಂಡಳು. ನಾನು ಹೊಸ್ತಿಲಲ್ಲಿ ನಿಂತು ನಗುತ್ತಿದ್ದೆ, ಅತ್ತೆ ಸೊಸೆ ಮತ್ತೆ ಶುರು ಮಾಡಿದರಲ್ಲ ಅಂತ ಖುಷಿಯೂ ಆಗಿತ್ತು. ಆಗ ಆಯಿ ಅಂದಳು:

"ಎಳಿಬ್ಯಾಡಬೇ. ಅದರಾಗ ನನ್ನ ಮಗ ಅದಾನ."

ಅವ್ವನ ಕೈ ತಾನಾಗಿ ಸಡಿಲವಾಯಿತು. ನನ್ನ ನಗು ಬಾಯಲ್ಲೇ ಒಣಗಿತು. ಅವ್ವ ನನ್ನ ಕಡೆ ನೋಡಿ ಅಪ್ಪನ್ನ ಕರಿ ಅಂದಳು, ನಾನು ಓಡಿದೆ. ಅಪ್ಪ ಮೊಣಕೈವರೆಗೂ ಬೂದಿ ಮೆತ್ತಿಕೊಂಡೇ ಬಂದು ಆಯಿಯ ಎದುರು ಕುಕ್ಕರುಗಾಲಲ್ಲಿ ಕೂತ.

"ಏನಂದಿಬೇ ಯವ್ವಾ?"

"ಹುಲಗ್ಯಾ ಹೋಗ್ಯಾನಪ್ಪಾ. ಕಾರ್ಡ್ ಬಂದೈತಿ. ಮೂಲಿ ಹರದಿತ್ತು."

ನಮ್ಮ ಕಡೆ ಸಾವಿನ ಸುದ್ದಿಯ ಕಾರ್ಡಿಗೆ ಒಂದು ಮೂಲೆ ಹರಿದು ಕಳಿಸುವುದು ರೂಢಿ. ಓದು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಅಂತ. ಓದಿಸಿದ ಮೇಲೆ ಅದನ್ನು ಹರಿದು ಎಸೆಯಬೇಕು, ಮನೆಯೊಳಗೆ ಇಟ್ಟುಕೊಳ್ಳಬಾರದು. ಆಯಿ ನುಚ್ಚು ತರಲು ಮಿಲ್ಲಿನ ಆಫೀಸಿಗೆ ಹೋದಾಗ ಗುಮಾಸ್ತ ಕಿಟಕಿಯಿಂದ ಅವಳ ಕೈಗೆ ಕಾರ್ಡು ಕೊಟ್ಟು ನಿಮ್ಮ ಮನೆಯದು ಅಂದಿದ್ದ. ಅವಳು ಮೊದಲು ನೋಡಿದ್ದೇ ಮೂಲೆಯನ್ನು. ದೂರದಲ್ಲಿ ಇದ್ದವನು ಕಾಕಾ ಒಬ್ಬನೇ. ಇನ್ನು ಯಾರ ಸುದ್ದಿ ಬರಬೇಕು?

"ಮತ್ತ ಯಾರಿಗೂ ಹೇಳಲಿಲ್ಲಲ್ಲಬೇ," ಅಂದ ಅಪ್ಪ.

"ಓದಿಸಿದ್ರ ಖರೇ ಆಗತೈತಿ ಅಂತ ಓದಸಲಿಲ್ಲ. ಹರದ್ ಒಗಿಯಾಕ ಕೈ ಬರಲಿಲ್ಲ. ಅದಕ್ಕ ಒಳಗ ಇಟ್ಟು ಹೊಲದೀನಿ."

ನಾನು ಆ ಕೌದಿಯ ಮೇಲೆ ಇಷ್ಟು ದಿನ ಮಲಗಿದ್ದೆ. ನನ್ನ ಬೆನ್ನಿನ ಕೆಳಗೆ ಕಾಕಾನ ಸಾವು ಇತ್ತು ಅನ್ನಿಸಿತು. ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಬೂದಿಯ ಕೈಯಲ್ಲೇ ಕಣ್ಣು ಒರೆಸಿಕೊಂಡು, ಬ್ಲೇಡು ತಗೊಂಡು, ಆಯಿ ತೋರಿಸಿದ ಕೆಂಪು ತುಂಡಿನ ಹೊಲಿಗೆ ಬಿಚ್ಚಿದ. ಮಡಿಕೆ ಬಿದ್ದ ಕಾರ್ಡು ಹೊರಗೆ ಬಂತು. ಮೂಲೆ ನಿಜಕ್ಕೂ ಹರಿದಿತ್ತು. ಮನೆಯಲ್ಲಿ ಸರಾಗವಾಗಿ ಓದಲು ಬರುತ್ತಿದ್ದದ್ದು ನನಗೆ.

"ಓದವಾ," ಅಂದ ಅಪ್ಪ.

ಮೊದಲು ವಿಳಾಸ ನೋಡಿದೆ. ಅಲ್ಲಿ ನನ್ನ ಹೆಸರಿತ್ತು. ಕಾಕಾ ಸತ್ತ ಸುದ್ದಿಯನ್ನು ನನ್ನ ಹೆಸರಿಗೆ ಯಾಕೆ ಕಳಿಸಿದರು ಅಂತ ಗೊತ್ತಾಗಲಿಲ್ಲ. ಹಿಂದಕ್ಕೆ ತಿರುಗಿಸಿ ಓದತೊಡಗಿದೆ. ಕ್ರೀಡಾ ಹಾಸ್ಟೆಲ್ಲಿನ ಬ್ಯಾಸ್ಕೆಟ್‌ಬಾಲ್ ವಿಭಾಗಕ್ಕೆ ತಮ್ಮನ್ನು ಆಯ್ಕೆ ಮಾಡಲಾಗಿದೆ ಎಂದು ಇತ್ತು. ಕೆಳಗೆ ಒಂದು ದಿನ ನಮೂದಿಸಿ, ಅದರೊಳಗೆ ಹಾಜರಾಗದಿದ್ದಲ್ಲಿ ಆಯ್ಕೆ ರದ್ದಾಗುವುದು ಎಂದು ಇತ್ತು. ಆ ದಿನ ಕಳೆದು ಮೂರು ವಾರ ಆಗಿತ್ತು. ನನ್ನ ದನಿ ನನಗೇ ಎಲ್ಲೋ ದೂರದಿಂದ ಕೇಳುತ್ತಿತ್ತು.

"ಹುಲಗ್ಯಾನ ಹೆಸರು ಎಲ್ಲೈತಿ?" ಆಯಿ ಕೇಳಿದಳು.

"ಇಲ್ಲಬೇ ಆಯಿ."

"ಹಿಂದ ನೋಡು."

"ಹಿಂದನೂ ಇಲ್ಲ."

"ಮೂಲ್ಯಾಗ ಬರದಿದ್ರೋ ಏನೋ. ಮೂಲಿ ಹರದೈತಲ್ಲ."

ಅಪ್ಪ ಕಾರ್ಡು ತಗೊಂಡು ತಾನೇ ಕೂಡಿಸಿ ಕೂಡಿಸಿ ಓದಿದ. ಇದು ಆಟದ ಕಾಗದಬೇ, ತಮ್ಮಂದಲ್ಲ ಅಂದ. ಆಯಿ ಮೂರು ಸಲ ಕೇಳಿ ಮೂರು ಸಲ ಅದೇ ಉತ್ತರ ಪಡೆದ ಮೇಲೆ ನೆಲಕ್ಕೆ ಕೈ ಊರಿ ಎದ್ದಳು. ನಕ್ಕಳು. ಒಂದು ಹಲ್ಲೂ ಇಲ್ಲದ ಬಾಯಿ ಪೂರಾ ತೆರೆದು ನಕ್ಕಳು. ರೊಟ್ಟಿ ಬಡಿಯಬೇ, ಹಸಿವ್ಯಾಗೈತಿ ಅಂದಳು ಅವ್ವನಿಗೆ. ಅವ್ವ ಅಳುತ್ತಾ ನಗುತ್ತಾ ಒಲೆ ಹಚ್ಚಿದಳು. ಬಿಸಿ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಕಲಸಿ ಮೆತ್ತಗೆ ಮಾಡಿಕೊಂಡು ಆಯಿ ತಿನ್ನತೊಡಗಿದಳು. ಒಂದು ಮುಗಿಯಿತು, ಎರಡು ಮುಗಿಯಿತು. ನಾನು ಆ ಕಾರ್ಡು ಹಿಡಿದುಕೊಂಡು ಬಾಗಿಲ ಬಳಿ ನಿಂತೇ ಇದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಆಯ್ಕೆಯಾಗಿದ್ದೆ. ನನ್ನ ಸೀಟು ಇಷ್ಟು ದಿನ ನನ್ನ ಬೆನ್ನಿಗೆ ಒತ್ತುತ್ತಾ ಬಿದ್ದಿತ್ತು, ಅದು ಅಲ್ಲೇ ಸತ್ತಿತ್ತು, ಇವರು ಹಬ್ಬದೂಟ ಮಾಡುತ್ತಿದ್ದರು. ಮೂರನೆಯ ರೊಟ್ಟಿ ಮುರಿಯುವಾಗ ನನ್ನ ಬಾಯಿಂದ ಬಂತು:

"ಕಾಕಾ ಸತ್ತಿದ್ರಽ ಚಲೋ ಇತ್ತು."

ಆ ಕಾರ್ಡು ಖರೇ ಅವನ ಸಾವಿನದಾಗಿದ್ದರೆ ನನ್ನ ಸೀಟು ಹೋದಂತೆ ಆಗುತ್ತಿರಲಿಲ್ಲ ಅನ್ನುವ ಲೆಕ್ಕ ಅದು. ಇವತ್ತಿಗೂ ಆ ಮಾತು ನನ್ನದೇ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿ ಸಾಲಗುಂದದವರೆಗೂ ನಡೆದವನು ಅವನು. ಅವ್ವನ ಕೈಯ ಹಿಟ್ಟು ಪರಾತಕ್ಕೆ ಬಿತ್ತು. ಅಪ್ಪ ಎದ್ದು ನಿಂತ, ಕೈ ಎತ್ತಿದ. ಹೊಡೆಯಲಿ ಅಂತ ನಾನು ಅಲುಗದೆ ನಿಂತೆ. ಆಯಿ ತುತ್ತನ್ನು ನುಂಗಿ ಅಂದಳು:

"ಹೊಡಿಬ್ಯಾಡಪ್ಪಾ. ನಂದು ಬಂದೈತಿ, ಆಕಿದು ಹೋಗೈತಿ. ಅಂದಾಳ, ಬಿಡು."

ಆ ಮಾತಿನಿಂದ ನನಗೆ ಏಟಿಗಿಂತ ಹೆಚ್ಚು ನೋವಾಯಿತು. ಮುಂದೆ ಆ ಮನೆಯಲ್ಲಿ ಯಾರೂ ಅದನ್ನು ನನ್ನೆದುರು ಎತ್ತಲಿಲ್ಲ.

ಮೂಲೆ ಹರಿದದ್ದು ಯಾರು ಅಂತ ಅಪ್ಪ ಮಾರನೆಯ ದಿನ ಗುಮಾಸ್ತನನ್ನು ಕೇಳಿದ. ಅವನು ತಲೆ ಎತ್ತದೆ, ನಾನಽ ಹರದಿರಬೇಕು, ಹಲ್ಲಾಗ ಅಡಿಕಿ ಸಿಕ್ಕಾಗ ಕೈಗಿ ಸಿಕ್ಕ ಕಾಗದ ಹರಕೋತೀನಿ ಅಂದನಂತೆ. ಅಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಬೈಯುವುದಕ್ಕೂ ಏನೂ ಸಿಗಲಿಲ್ಲ. ಆ ವಾರವೇ ಅಪ್ಪ ರಜೆ ಹಾಕಿ ನನ್ನನ್ನು ಹಾಸ್ಟೆಲ್ಲಿಗೆ ಕರೆದುಕೊಂಡು ಹೋದ. ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಮೊದಲು ನಕ್ಕರು, ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದರು. ಸೀಟು ಬೇರೆ ಹುಡುಗಿಗೆ ಕೊಟ್ಟಾಗಿದೆ, ಅವಳನ್ನು ಎಬ್ಬಿಸಲು ಆಗುವುದಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಆಯ್ಕೆಗೆ ಬನ್ನಿ, ಅದೇ ಕೊನೆಯ ಅವಕಾಶ, ಆಮೇಲೆ ವಯಸ್ಸು ದಾಟುತ್ತದೆ ಅಂದರು. ಅವರು ಕೈ ತೋರಿದ ಕಡೆ ಆ ಹುಡುಗಿ ಮೈದಾನದಲ್ಲಿ ಓಡುತ್ತಿದ್ದಳು. ಕಾಲಿಗೆ ಕಾಲು ಅಡ್ಡ ಹಾಕುತ್ತಿದ್ದಳು.

ಅಪ್ಪ ಬೋರ್‌ವೆಲ್ ಮಾಲೀಕನ ಮನೆಗೆ ಫೋನು ಮಾಡಿ ಹೇಳಿ ಕಳಿಸಿದ್ದಕ್ಕೆ ಕಾಕಾ ಒಂದು ತಿಂಗಳಿಗೆ ಬಂದ. ಗಡ್ಡ ಬಿಟ್ಟಿದ್ದ, ಕರ್ರಗೆ ಸುಟ್ಟಿದ್ದ, ಪೂರಾ ಬದುಕಿದ್ದ. ಆಯಿ ಅವನ ಮುಖ, ಹೆಗಲು, ಬೆರಳು ಮುಟ್ಟಿ ಮುಟ್ಟಿ ನೋಡಿದಳು. ನಾನು ಬಾಯ್ಲರಿನ ಹಿಂದೆ ಅವಿತುಕೊಂಡೆ. ಎರಡು ದಿನ ಅವನು ಎದುರು ಬಂದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಹುಡುಗಿ ಯಾಕ ಮಾತಾಡವಲ್ದು ಅಂತ ಅವನು ಕೇಳಿದರೆ ಸೀಟು ಹೋದ ಬ್ಯಾಸರಕ್ಕಪ್ಪಾ ಅಂತ ಅವ್ವ ತೇಲಿಸಿದಳು. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅವನು ಕಣದ ಅಂಚಿನಲ್ಲಿ ಗುಂಡಿ ತೋಡುತ್ತಿದ್ದ. ಪಕ್ಕದಲ್ಲಿ ಎಲ್ಲಿಂದಲೋ ತಂದ ಹಳೆಯ ಕೇಸಿಂಗ್ ಪೈಪು ಬಿದ್ದಿತ್ತು, ಬೋರು ಕೊರೆದ ಮೇಲೆ ಒಳಗೆ ಇಳಿಸುವ ಕಬ್ಬಿಣದ ಪೈಪು. ಕಬ್ಬಿಣದ ಸಳಿ ಬಗ್ಗಿಸಿ ರಿಂಗು ಮಾಡಿ, ವೆಲ್ಡಿಂಗ್ ಹಿಡಿಸಿ, ಮಿಲ್ಲಿನ ಮುರಿದ ಬಾಗಿಲನ್ನು ಹಲಗೆಯಾಗಿ ಬಿಗಿದ. ಹತ್ತು ಫೂಟು ಸರಿ ಐತೇನು ನೋಡು ಅಂತ ನನ್ನನ್ನು ಕೂಗಿದ. ನಾನು ಹೋಗಲೇಬೇಕಾಯಿತು. ಸಾವ್ಕಾರರು, ನೆಲ್ಲು ಹರವಿದಾಗ ಚೆಂಡು ಕಾಣಿಸಬಾರದು ಅಂತ ಒಂದೇ ಷರತ್ತು ಹಾಕಿದರು. ಆ ವರ್ಷ ಪೂರಾ ಬೆಳಗಿನ ಜಾವ, ಕಣ ಖಾಲಿ ಇದ್ದಾಗ ಕಾಕಾ ರಿಂಗಿನ ಕೆಳಗೆ ನಿಂತು ಚೆಂಡು ಹಿಡಿದು ಹಿಡಿದು ನನ್ನ ಕಡೆ ಎಸೆದ. ರಿಂಗಿನ ಎತ್ತರ ಬಿಟ್ಟರೆ ಆಟದ ಒಂದು ನಿಯಮವೂ ಅವನಿಗೆ ಗೊತ್ತಿರಲಿಲ್ಲ. ಬೋರ್‌ವೆಲ್ ಲಾರಿಗೂ ವಾಪಸು ಹೋಗಲಿಲ್ಲ, ಮಿಲ್ಲಿನಲ್ಲೇ ಹಮಾಲಿಗೆ ಸೇರಿದ. ಅವನು ಎಸೆದ ಪ್ರತಿ ಚೆಂಡಿಗೂ ನನಗೆ ಆ ಮಾತು ನೆನಪಾಗುತ್ತಿತ್ತು. ಇವನಿಗೆ ಗೊತ್ತಾಗಿಬಿಟ್ಟರೆ ಏನು ಗತಿ ಅಂತ ಅಂಜುತ್ತಿದ್ದೆ. ನಾನು ಬುಟ್ಟಿಗೆ ಹಾಕುವುದನ್ನು ಕಲಿತದ್ದು ಆ ಅಂಜಿಕೆಯಲ್ಲೇ.

ಮರುವರ್ಷ ಆಯ್ಕೆಯಾದೆ. ಈ ಸಲ ಮಾಸ್ತರು ತಾವೇ ಲಿಂಗಸುಗೂರಿಗೆ ಹೋಗಿ ಪಟ್ಟಿ ನೋಡಿ ಬಂದು ಹೇಳಿದರು. ಹೊರಡುವ ದಿನ ಸಿಂಧನೂರು ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಬಂದವನು ಕಾಕಾ. ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ ಇಳಿದು ಬಂದು ನನ್ನ ಕಿಟಕಿಯ ಕೆಳಗೆ ನಿಂತ. ಶೇಂಗಾ ಪೊಟ್ಟಣ ಕೊಟ್ಟ. ಆಮೇಲೆ, ಬಿಸಿಲು ಭಾಳ ಐತಿ ಅನ್ನುವ ಹಾಗೆ ಅಂದ:

"ನೀ ಅವತ್ತ ಏನಂದಿ ಅಂತ ನಾ ಬಂದ ಎರಡನೇ ದಿನಾನಽ ಆಯಿ ಹೇಳ್ಯಾಳ."

ಒಂದು ವರ್ಷ. ಒಂದು ವರ್ಷ ಪೂರಾ ಅವನಿಗೆ ಗೊತ್ತಿತ್ತು. ಗುಂಡಿ ತೋಡುವಾಗ ಗೊತ್ತಿತ್ತು, ಚೆಂಡು ಎಸೆಯುವಾಗ ಗೊತ್ತಿತ್ತು.

"ಮತ್ತ... ಕಂಬ ಯಾಕ ಹಾಕಿದಿ ಕಾಕಾ?"

"ಎಂಟು ತಿಂಗಳು ಒಂದು ಕಾಗದ ಬರೀಲಿಲ್ಲ ನಾ. ಒಂದಽ ಒಂದು ಬರದಿದ್ರ ಆಯಿ ಅಂಜತಿರಲಿಲ್ಲ, ನಿನ್ನ ಸೀಟು ಹೋಗತಿರಲಿಲ್ಲ. ಸಿಟ್ಟು ಬಂದ್ರ ತಪ್ಪೇನೈತಿ ಬೇ."

ಕಂಡಕ್ಟರ್ ಸೀಟಿ ಹೊಡೆದ. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಬಸ್ಸು ಮಿಲ್ಲನ್ನು ದಾಟಿತು, ಮಸ್ಕಿಯನ್ನು ದಾಟಿತು, ಆಗಲೂ ಬರಲಿಲ್ಲ. ಆಮೇಲೆ ಹಾಸ್ಟೆಲ್ಲು ಆಯಿತು, ಕೆಲಸ ಸಿಕ್ಕಿತು, ಹದಿನಾಲ್ಕು ವರ್ಷ ಆಡಿದೆ. ನನ್ನ ಆಟ ಎಲ್ಲೇ ಇದ್ದರೂ ಅವನು ಜನರಲ್ ಬೋಗಿಯಲ್ಲಿ ನಿಂತುಕೊಂಡಾದರೂ ಬಂದು ಹೋಗುತ್ತಿದ್ದ. ಆಟ ಮುಗಿದ ಮೇಲೆ ನಾವು ಚಹಾ ಕುಡಿಯುತ್ತಿದ್ದೆವು, ಆಯಿಯ ಮಾತು, ಮಿಲ್ಲಿನ ಮಾತು ಎಲ್ಲ ಆಡುತ್ತಿದ್ದೆವು. ಹೇಳಬೇಕಾದ ಆ ಒಂದು ಮಾತನ್ನು ಮಾತ್ರ ನಾನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಅವನಿಗೆ ಈಗ ಕಣ್ಣು ಮಂಜಾಗಿದೆ, ಈ ಅಧ್ಯಾಯವನ್ನು ಯಾರಾದರೂ ಅವನಿಗೆ ಓದಿ ಹೇಳಬೇಕಾಗುತ್ತದೆ. ಓದುವವರು ಇದೊಂದನ್ನು ಬಿಡದೆ ಓದಲಿ: ತಪ್ಪಾತು ಕಾಕಾ.